ಮಂಗಳವಾರದ ರೊಟ್ಟಿ

ಹೊರದೇಶಗಳಿಂದ ಆರೋಗ್ಯ ಶಿಕ್ಷಣ ಕೊಡಲು ಬರುವ ಸ್ವಯಂಸೇವಕರಿಗೆ ನಾನು ಒಂಬತ್ತು ವರ್ಷ ದುಭಾಷಿಯಾಗಿದ್ದೆ. ಸಂಬಳವಿಲ್ಲದ ಕೆಲಸ. ಹೈದರಾಬಾದಿನ ಬೇಗಂಪೇಟೆಯ ಆಫೀಸೊಂದರಲ್ಲಿ ಮೂರು ದಶಕ ಫೈಲು ತಿರುವಿ ನಿವೃತ್ತಳಾದ ಮೇಲೆ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆಂದು ಒಪ್ಪಿಕೊಂಡದ್ದು. ಆ ಸಣ್ಣ ಸಂಸ್ಥೆಯವರಿಗೆ ಬೇಕಾಗಿದ್ದವಳು ಇಂಗ್ಲಿಷ್ ಬಲ್ಲ, ನಮ್ಮ ರಾಯಚೂರು ಕಡೆಯ ಕನ್ನಡ ಬಲ್ಲ, ಬಿಸಿಲಿಗೆ ಅಂಜದ ಒಬ್ಬ ಹೆಂಗಸು. ಮೊದಲೆರಡು ನನಗೆ ನೌಕರಿಯಿಂದ ಮತ್ತು ಹುಟ್ಟಿನಿಂದ ಬಂದಿದ್ದವು. ಮೂರನೆಯದರ ಬಗ್ಗೆ ಸುಳ್ಳು ಹೇಳಿದೆ.

ಹೈದರಾಬಾದಿನಲ್ಲಿ ಏಳುತ್ತಿರುವ ದೊಡ್ಡ ದೊಡ್ಡ ಕಟ್ಟಡಗಳ ಹಿಂದೆ ತಗಡಿನ ಶೆಡ್ಡುಗಳಿರುತ್ತವೆ. ಅವುಗಳಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕೂಲಿಗೆ ಬಂದವರು ಸಂಸಾರ ಹೂಡಿರುತ್ತಾರೆ. ಸಂಸ್ಥೆಯ ಕಾಗದಗಳಲ್ಲಿ ಇವರಿಗೆ ‘ದುರ್ಗಮ ಸಮುದಾಯ’ ಎಂದು ಹೆಸರು. ಉಪ್ಪಲ್ ಮೆಟ್ರೋದಲ್ಲಿ ಇಳಿದು ಆಟೋ ಹಿಡಿದರೆ ಇಪ್ಪತ್ತು ನಿಮಿಷದ ದಾರಿ. ಇದೆಂಥ ದುರ್ಗಮ ಎಂದು ಮೊದಮೊದಲು ನಗು ಬರುತ್ತಿತ್ತು. ಆದರೆ ಆ ಶೆಡ್ಡುಗಳಿಗೆ ನಳವಿಲ್ಲ, ಅಂಗನವಾಡಿ ಇಲ್ಲ, ಪೋಸ್ಟು ಬರುವುದಿಲ್ಲ. ಕಟ್ಟಡ ಮುಗಿದ ದಿನ ಶೆಡ್ಡೂ ಇರುವುದಿಲ್ಲ. ಎರಡು ವರ್ಷ ಓಡಾಡಿದ ಮೇಲೆ ನಗುವುದು ಬಿಟ್ಟೆ.

ಬರುವ ಸ್ವಯಂಸೇವಕರೆಲ್ಲ ಒಳ್ಳೆಯವರು. ಅದೇ ನನ್ನ ತಕರಾರು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಆರು ವಾರಕ್ಕೆಂದು ಬರುತ್ತಾರೆ. ಮೊದಲ ವಾರ ಅವರಿಗೆ ಎಲ್ಲವೂ ಚಂದ. ಎರಡನೆಯ ವಾರ ಹೊಟ್ಟೆ ಕೆಡುತ್ತದೆ. ಕೈ ತೊಳೆಯುವುದನ್ನು ಕಲಿಸಲು ಬಂದವರಿಗೆ ನಾನು ಉಪ್ಪು ಸಕ್ಕರೆ ಕದಡಿ ಕುಡಿಸುತ್ತೇನೆ. ಮೂರನೆಯ ವಾರ ಯಾವುದಾದರೂ ಕೂಸನ್ನು ಎತ್ತಿಕೊಂಡು ಕಣ್ಣೀರು ಹಾಕುತ್ತಾರೆ. ಆರನೆಯ ವಾರ ಎಲ್ಲರನ್ನೂ ತಬ್ಬಿಕೊಂಡು ವಿಮಾನ ಹತ್ತುತ್ತಾರೆ. ಮತ್ತೆ ಹೊಸಬರು, ಮತ್ತೆ ಅದೇ ಕೈ ತೊಳೆಯುವ ಹಾಡು, ಅದೇ ಬಟ್ಟೆಯ ಗೊಂಬೆ. ಶೆಡ್ಡಿನ ಹೆಂಗಸರಿಗೆ ಆ ಹಾಡು ಬಾಯಿಪಾಠವಾಗಿದೆ. ಆದರೂ ದೂರದಿಂದ ಬಂದವರ ಮನಸ್ಸು ನೋಯಬಾರದೆಂದು ಪ್ರತಿಸಲವೂ ಮೊದಲ ಸಲ ಕೇಳುವವರಂತೆ ಕೇಳುತ್ತಾರೆ. ಒಂಬತ್ತು ವರ್ಷದಲ್ಲಿ ನಾನು ಅನುವಾದಿಸಿದ ಮಾತುಗಳಲ್ಲಿ ಮುಕ್ಕಾಲು ಪಾಲು ಅವರಿಗೆ ಗೊತ್ತಿದ್ದವೇ. ಇದನ್ನು ನೆನೆದರೆ ಈಗಲೂ ಮೈ ಸೋಲುತ್ತದೆ.

ಕೊನೆಯ ವರ್ಷ ಡೆನ್ಮಾರ್ಕಿನಿಂದ ಒಬ್ಬ ಹುಡುಗಿ ಬಂದಿದ್ದಳು. ಎತ್ತರದ ಆಳು, ಶೆಡ್ಡಿನ ಬಾಗಿಲಲ್ಲಿ ಬಗ್ಗಿ ಬಗ್ಗಿ ಅವಳ ಸೊಂಟ ಹಿಡಿದಿತ್ತು. ಹೆಂಗಸರು ಅವಳನ್ನು ‘ಬಿಳಿ ಅಕ್ಕಾರ’ ಎಂದು ಕರೆದರು. ನಮ್ಮ ಕಡೆ ಅಕ್ಕಾರ ಎಂದರೆ ಶಾಲೆಯ ಟೀಚರು. ನಾನು ಬರೀ ಅಕ್ಕಾರ. ಪ್ರತಿ ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ, ಅರ್ಧ ಕಟ್ಟಿದ ಪಾರ್ಕಿಂಗಿನ ನೆರಳಲ್ಲಿ ನಮ್ಮ ಪಾಠ. ಅವಳು ಕಲಿಸಬೇಕಾಗಿದ್ದದ್ದು ಟೀಬಿ ಬಗ್ಗೆ.

ಆ ಶೆಡ್ಡುಗಳಲ್ಲಿ ಒಲೆಯ ಪದ್ಧತಿಯೊಂದಿದೆ. ಬೇರೆ ಬೇರೆ ಊರಿನ ಆರು ಮನೆಗಳವರು ಸೇರಿ ಒಂದು ಒಲೆ ಹೂಡುತ್ತಾರೆ. ಎಂಟಕ್ಕೆ ಕೆಲಸ ಶುರುವಾಗುವ ಮುಂಚೆ ಮೂವತ್ತು ಜನರ ರೊಟ್ಟಿ ಬುಟ್ಟಿಗೆ ಬಿದ್ದಿರಬೇಕು. ಅಷ್ಟನ್ನು ಒಬ್ಬೊಬ್ಬರೇ ಮಾಡಲಾಗದು. ಕೈ ಬೀಸಾಗಿರುವವಳು ರೊಟ್ಟಿ ಬಡಿಯುತ್ತಾಳೆ. ಉಳಿದವರು ಅವಳ ಮನೆಗೂ ಸೇರಿಸಿ ನೀರು ಹೊತ್ತು ತರುತ್ತಾರೆ, ಪಲ್ಯ ಮಾಡುತ್ತಾರೆ, ಅವಳ ಮಕ್ಕಳ ಮೈ ತೊಳೆಯುತ್ತಾರೆ. ರೊಟ್ಟಿ ಬಡಿಯುವವಳಿಗೆ ಅಲ್ಲಿ ಒಂದು ಮರ್ಯಾದೆ ಇರುತ್ತದೆ. ಈ ಒಲೆಯಲ್ಲಿ ಆ ಮರ್ಯಾದೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸಿನದಾಗಿತ್ತು. ಹಗಲೆಲ್ಲ ಮರಳಿನ ಬುಟ್ಟಿ ಹೊರುತ್ತಿದ್ದಳು. ಗಂಡ ಸೆಂಟ್ರಿಂಗ್ ಕೆಲಸದವನು, ಮೂರು ವರ್ಷದ ಒಂದು ಮಗಳು.

ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿ ಬಿಡಲೇ ಇಲ್ಲ. ನಾನೇ ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಟೀಬಿ ಎಂದರು. ಆರು ತಿಂಗಳು ಒಂದು ದಿನವೂ ತಪ್ಪದೆ ಗುಳಿಗೆ ನುಂಗಿದರೆ ವಾಸಿಯಾಗುತ್ತದೆ ಎಂದರು. ಹೊರಗೆ ಬೇವಿನ ಮರದ ಕೆಳಗೆ ಕೂತು ಅವಳು ಅತ್ತಳು.

“ನಮ್ಮಣ್ಣಗೂ ಇದ ಆಗಿತ್ರಿ ಅಕ್ಕಾರ. ಮೂರ ತಿಂಗಳ ತಗೊಂಡ, ಆರಾಮಾದೆ ಅಂತ ಬಿಟ್ಟ. ಮರು ವರ್ಷ ಹೋದ.”

“ನೀ ಬಿಡಬ್ಯಾಡ. ಅಷ್ಟ ಐತಿ,” ಎಂದೆ.

ವಿಷಯ ಅವಳಿಗೆ, ಅವಳ ಗಂಡನಿಗೆ, ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರಲ್ಲಿರುವ ಅತ್ತೆಗಂತೂ ಗೊತ್ತಾಗಲೇಬಾರದಿತ್ತು. ಮೈದುನನಿಗೆ ಹೆಣ್ಣು ನೋಡುತ್ತಿದ್ದರು. ಎರಡು ತಿಂಗಳ ಗುಳಿಗೆ ಮುಗಿದ ಮೇಲೆ ಕಫದ ಪರೀಕ್ಷೆ ಮಾಡಿಸಿದೆವು. ಏನೂ ಇಲ್ಲ ಎಂದು ಬಂತು. ಅಂದರೆ ಅವಳಿಂದ ಇನ್ನು ಯಾರಿಗೂ ಹರಡುವ ಭಯವಿರಲಿಲ್ಲ. ಉಳಿದ ನಾಲ್ಕು ತಿಂಗಳು ಗುಳಿಗೆ ಮುಂದುವರಿಸಿದರೆ ಆಯಿತು. ಆ ಸಂತೋಷದಲ್ಲಿ ನಾನು ಡೆನ್ಮಾರ್ಕಿನ ಹುಡುಗಿಗೆ ಹೇಳಿಬಿಟ್ಟೆ. ಈ ಕಥೆಯಲ್ಲಿ ನನ್ನ ಮೊದಲ ತಪ್ಪು ಅದು.

ಹುಡುಗಿಯ ಕಣ್ಣು ಅರಳಿತು. ಚಿತ್ರ ತೋರಿಸಿ ಸಾಕಾಗಿದೆ, ಅವಳೇ ಎದ್ದು ನಿಂತು ತನ್ನ ಅನುಭವ ಹೇಳಿದರೆ ಹೇಗಿರುತ್ತದೆ, ಗುಟ್ಟು ಮಾಡುವುದರಿಂದಲೇ ಈ ರೋಗಕ್ಕೆ ಇಷ್ಟು ಭಯ ಅಂದಳು. ಅವಳು ಹೇಳಿದ್ದು ನಿಜವೇ. ನಿಜವಾದ ಮಾತುಗಳನ್ನು ಅನುವಾದಿಸುವುದು ನನಗೆ ಯಾವಾಗಲೂ ಸುಲಭ. ಹೋಗಿ ಕೇಳಿದೆ. ಆ ಹೆಂಗಸು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

“ನೀವು ಹೇಳ್ತೀರಂದ್ರ ಆಗಲ್ರಿ,” ಅಂದಳು.

ಬೇಡ ಎನ್ನುವುದಕ್ಕೆ ಅವಳಿಗೆ ದಾರಿಯಿರಲಿಲ್ಲ. ದವಾಖಾನೆಗೆ ಕರೆದುಕೊಂಡು ಹೋದವಳು ನಾನು, ಸಾಲಿನಲ್ಲಿ ನಿಂತವಳು ನಾನು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿಗೆ ಸಿಕ್ಕಿತೆಂದು ಹುಡುಗಿಗೆ ಹೇಳಿದೆ.

ಮುಂದಿನ ಮಂಗಳವಾರ ಅವಳು ಎದ್ದು ನಿಂತು ನಾಲ್ಕು ಮಾತು ಹೇಳಿದಳು. ನನಗೆ ಟೀಬಿ ಆಗೈತಿ, ಗುಳಿಗಿ ತಗೊಳ್ಳಾಕತ್ತೀನಿ, ಈಗ ಮಂದಿಗೆ ಹತ್ತೂದಿಲ್ಲಂತ, ನಿಮಗೂ ಕೆಮ್ಮು ಬಂದ್ರ ತೋರಿಸ್ಕೋರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಅವಳನ್ನು ತಬ್ಬಿಕೊಂಡಳು. ಬರುವಾಗ ಮೆಟ್ರೋದಲ್ಲಿ ಕೂತು, ಇಂಥ ದಿನಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು ಅಂದಳು. ನನಗೂ ಒಳಗೊಳಗೇ ಹಿಗ್ಗಾಗಿತ್ತು, ಸುಳ್ಳೇಕೆ ಹೇಳಲಿ.

ವಾರ ಬಿಟ್ಟು ಒಂದು ಬೆಳಿಗ್ಗೆ ನಾನೊಬ್ಬಳೇ ಹೋದಾಗ ಒಲೆಯ ಮುಂದೆ ಬೇರೆ ಹೆಂಗಸು ಕೂತು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ದಪ್ಪ ದಪ್ಪ, ಅಂಚು ಸೀಳಿದ್ದವು. ನಮ್ಮವಳು ತನ್ನ ಶೆಡ್ಡಿನ ಹಿಂದೆ ಮೂರು ಕಲ್ಲು ಹೂಡಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ತನ್ನ ಮೂವರಿಗಷ್ಟೇ ಬೇಯಿಸಿಕೊಳ್ಳುತ್ತಿದ್ದಳು. ಯಾರೂ ಬೈದಿರಲಿಲ್ಲ, ಯಾರೂ ಹೊರಗೆ ಹೋಗು ಅಂದಿರಲಿಲ್ಲ. ‘ನಿನಗ ಭಾಳ ತ್ರಾಸ ಆಗೈತಿ, ಆರಾಮ ಮಾಡವ್ವ’ ಎಂದು ಪ್ರೀತಿಯಿಂದ ಅವಳ ಕೈಯ ಹಿಟ್ಟಿನ ಪರಾತವನ್ನು ಇಸಿದುಕೊಂಡಿದ್ದರು. ಅದರ ಜೊತೆಗೇ ಅವಳಿಗೆ ನೀರು ತಂದುಕೊಡುವುದೂ ನಿಂತಿತ್ತು, ಮಗಳ ಮೈ ತೊಳೆಯುವುದೂ ನಿಂತಿತ್ತು. ಈಗ ಅವಳು ನಾಲ್ಕಕ್ಕೆ ಏಳಬೇಕು. ಟ್ಯಾಂಕರಿನ ಹತ್ತಿರ ನಿಂತು ನೀರು ಹಿಡಿಯಬೇಕು, ಅಡಿಗೆ ಮಾಡಬೇಕು, ಎಂಟಕ್ಕೆ ಮರಳು ಹೊರಲು ಹೋಗಬೇಕು. ಅದೂ ರೋಗದಿಂದ ಈಗಷ್ಟೇ ಏಳುತ್ತಿರುವ ಮೈಯಲ್ಲಿ.

“ಊರಿಗೆ ಹೋಗ್ತೀನ್ರಿ ಅಕ್ಕಾರ. ಇಲ್ಲೆ ನನ್ನ ಕೈಲೆ ಆಗೂದಿಲ್ಲ.”

“ಊರಾಗೂ ದವಾಖಾನಿ ಐತಿ. ಚೀಟಿ ಬರಿಸಿಕೊಡ್ತೀನಿ. ಅಲ್ಲೇ ಗುಳಿಗಿ ತಗೊಳ್ತಿ ಏನ?”

ಅವಳು ನನ್ನ ಮುಖ ನೋಡಿದಳು. ಊರ ದವಾಖಾನೆಯಲ್ಲಿ ಕಾಲಿಟ್ಟರೆ ಸಂಜೆಯೊಳಗೆ ಅತ್ತೆಯ ಕಿವಿ ಮುಟ್ಟುತ್ತದೆ. ಅವಳು ಹೋಗುವುದಿಲ್ಲ, ಗುಳಿಗೆ ನಿಲ್ಲುತ್ತದೆ. ಮೂರು ತಿಂಗಳಿಗೆ ಬಿಟ್ಟ ಅಣ್ಣನ ದಾರಿ. ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಹುಡುಗಿಗೆ ಎಲ್ಲ ತಿಳಿಸಿದೆ. ಅವಳಿಗೆ ನಿಜಕ್ಕೂ ನೋವಾಯಿತು, ರಾತ್ರಿಯೆಲ್ಲ ನಿದ್ದೆ ಬರಲಿಲ್ಲವಂತೆ. ಮರುದಿನ ಫೋನು ಮಾಡಿ ಒಂದು ಉಪಾಯ ಹೇಳಿದಳು. ಊಟದಿಂದ ಟೀಬಿ ಹರಡುವುದಿಲ್ಲವಲ್ಲ, ಬರುವ ಮಂಗಳವಾರ ಎಲ್ಲರೆದುರಿಗೆ ನಾವಿಬ್ಬರೂ ಅವಳ ಕೈ ರೊಟ್ಟಿ ತಿನ್ನೋಣ, ನಾವು ತಿಂದದ್ದನ್ನು ನೋಡಿ ಅವರೂ ತಿನ್ನುತ್ತಾರೆ ಅಂದಳು. ಒಳ್ಳೆಯ ಉಪಾಯವೇ. ಆಗಲಿ ಎಂದೆ.

ಇಲ್ಲಿ ನನ್ನ ಮನೆಯ ಮಾತೊಂದು ಹೇಳಬೇಕು. ಅಬಿಡ್ಸಿನ ಬಟ್ಟೆ ಅಂಗಡಿಯೊಂದರಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ನಮ್ಮ ಬಾಡಿಗೆ ಮನೆಯ ಹಿಂದಿನ ಪಡಸಾಲೆಯಲ್ಲಿ ಸೋದರತ್ತೆಯೊಬ್ಬಳನ್ನು ಇಟ್ಟಿದ್ದರು. ಅವಳಿಗೂ ಇದೇ ರೋಗ. ಅವಳ ಗಂಗಾಳ ಬೇರೆ, ಲೋಟ ಬೇರೆ. ಮೇಲಿನಿಂದ ಸುರಿದು ಕೊಡುತ್ತಿದ್ದರು. ನನಗಾಗ ಏಳು ವರ್ಷ. ಒಮ್ಮೆ ಅವಳ ತಾಟಿನಿಂದ ಒಂದು ತುಂಡು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಾಗ ಅವ್ವ ಬೆರಳು ತೂರಿಸಿ ಉಗುಳಿಸಿದಳು, ಬೆನ್ನ ಮೇಲೆ ಬಾರಿಸಿದಳು, ಮೂರು ಸಲ ಬಾಯಿ ಮುಕ್ಕಳಿಸಲು ಹಚ್ಚಿದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಮೇಲೆ ಓದಿದ್ದು, ತಿಳಿದದ್ದು, ನೂರಾರು ಸಲ ಮಂದಿಗೆ ಕಲಿಸಿದ್ದು ಎಲ್ಲ ತಲೆಯಲ್ಲಿದೆ. ಅವ್ವನ ಬೆರಳು ಮಾತ್ರ ಇನ್ನೂ ಗಂಟಲಲ್ಲಿದೆ.

ಆ ಮಂಗಳವಾರ ಅವಳು ಹೊಸ ಸೀರೆ ಉಟ್ಟಿದ್ದಳು. ಹನ್ನೆರಡಕ್ಕೇ ಕೆಲಸ ಬಿಟ್ಟು ಬಂದು ರೊಟ್ಟಿ ಬಡಿದಿದ್ದಳು. ತೆಳ್ಳಗೆ, ದುಂಡಗೆ, ಉಬ್ಬಿದ ರೊಟ್ಟಿ. ಪುಂಡಿಪಲ್ಯ, ಶೇಂಗಾ ಹಿಂಡಿ. ಹೆಂಗಸರೆಲ್ಲ ಸುತ್ತ ನಿಂತಿದ್ದರು. ಹುಡುಗಿ ನೆಲದ ಮೇಲೆ ಮಂಡಿ ಮಡಚಲು ಪರದಾಡಿ ಕೂತು, ದೊಡ್ಡ ತುತ್ತು ಮುರಿದು ಬಾಯಿಗೆ ಹಾಕಿಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಹೆಂಗಸರು ನಕ್ಕರು. ಆಮೇಲೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಅವಳು ರೊಟ್ಟಿಯ ಮೇಲೆ ಪಲ್ಯ ಹಾಕಿ ಎರಡೂ ಕೈಯಲ್ಲಿ ನನ್ನೆದುರು ಹಿಡಿದಳು.

“ಇವತ್ತ ನಂದು ಒಪ್ಪತ್ತು,” ಅಂದೆ.

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಹೊತ್ತಿನ ಊಟ, ದೇವರ ಹೆಸರಲ್ಲಿ. ನಮ್ಮವರಲ್ಲಿ ಒಪ್ಪತ್ತು ಅಂದವರನ್ನು ಯಾರೂ ಒತ್ತಾಯ ಮಾಡುವುದಿಲ್ಲ, ಯಾಕೆ ಎಂದೂ ಕೇಳುವುದಿಲ್ಲ. ಅದಕ್ಕೇ ಅದು ನಾಲಿಗೆಯ ಮೇಲೆ ಹಾಗೆ ಬಂದು ಕೂತಿತು. ನಾನು ಸೋಮವಾರ ಮಾಡುವವಳು. ಮಂಗಳವಾರ ನನಗೆ ಯಾವ ದೇವರೂ ಇರಲಿಲ್ಲ.

“ಹೌದನ್ರಿ? ನನಗ ಗೊತ್ತಿರಲಿಲ್ರಿ,” ಎಂದು ರೊಟ್ಟಿಯನ್ನು ಬುಟ್ಟಿಗೆ ಹಾಕಿ ಬಟ್ಟೆ ಮುಚ್ಚಿದಳು.

ಹುಡುಗಿ ಒಪ್ಪತ್ತು ಎಂದರೇನು ಎಂದು ಕೇಳಿದಳು. ವಿವರಿಸಿದೆ. ಭಕ್ತಿಯಿಂದ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಅವಳ ಎದುರು ಸುಳ್ಳು ನಿಭಾಯಿಸಬೇಕಾಗಿ ಬಂದು ಉಪ್ಪಲ್ ಸ್ಟೇಷನ್ನಿನ ಬಿಸಿ ಮಿರ್ಚಿ ಬಜ್ಜಿಯ ಅಂಗಡಿಯನ್ನು ಮೂಗು ಮುಚ್ಚಿಕೊಂಡು ದಾಟಿದೆ. ಮನೆ ಮುಟ್ಟುವವರೆಗೆ ಒಂದು ಹನಿ ಚಹಾ ಸಹ ಇಲ್ಲ. ಹೊಟ್ಟೆ ಕೂಗುತ್ತಿತ್ತು, ತಲೆ ಸಿಡಿಯುತ್ತಿತ್ತು. ದೇವರಿಲ್ಲದ ಉಪವಾಸ ಬಲು ಕಷ್ಟ.

ಮರುವಾರ ಹುಡುಗಿ ಹಠ ಬಿಡಲಿಲ್ಲ. ಮತ್ತೆ ಬುಟ್ಟಿ ತುಂಬ ರೊಟ್ಟಿ ಮಾಡಿಸಿ, ಈ ಸಲ ಹೆಂಗಸರೇ ತಿನ್ನಲಿ ಅಂದಳು. ಆ ಒಲೆಗೆ ಹಿರಿಯಳಾದ ಒಬ್ಬ ಮುದುಕಿ ಇದ್ದಳು. ಹಲ್ಲಿಗೆ ಕಡ್ಡಿಪುಡಿ ಒತ್ತಿ ಒತ್ತಿ ವಸಡು ಕಪ್ಪಾಗಿತ್ತು, ಅವಳ ಮಾತಿಗೆ ಆರೂ ಮನೆಯಲ್ಲಿ ಎದುರಿರಲಿಲ್ಲ. ಅವಳ ಮುಂದೆ ರೊಟ್ಟಿ ಹಿಡಿದಾಗ ಅವಳು ಕೈ ಮುಗಿದು, “ಇವತ್ತ ನಂದು ಒಪ್ಪತ್ತ ಐತವ್ವ,” ಅಂದಳು. ಪಕ್ಕದವಳು ತನ್ನದೂ ಒಪ್ಪತ್ತು ಅಂದಳು. ಅದರ ಪಕ್ಕದವಳು ಎಲ್ಲಮ್ಮನ ವಾರ ಅಂದಳು. ಒಬ್ಬೊಬ್ಬರಾಗಿ ಎಲ್ಲರೂ, ಎಷ್ಟು ವಿನಯದಿಂದ, ಎಷ್ಟು ಬೇಸರಪಟ್ಟುಕೊಂಡು. ಎಂಟು ತಿಂಗಳ ಬಸುರಿಯೊಬ್ಬಳೂ ಒಪ್ಪತ್ತು ಅಂದಳು. ಒಬ್ಬರೂ ನನ್ನ ಕಡೆ ನೋಡಲಿಲ್ಲ.

ಕೈ ತೊಳೆಯುವುದು, ನೀರು ಕುದಿಸುವುದು, ಕೆಮ್ಮುವಾಗ ಸೆರಗು ಹಿಡಿಯುವುದು ಎಂದು ಒಂಬತ್ತು ವರ್ಷ ಕಲಿಸಿದ್ದೆ. ಒಂದೇ ಸಲಕ್ಕೆ, ಎಲ್ಲರೂ, ತಪ್ಪಿಲ್ಲದೆ ಕಲಿತದ್ದು ಇದೊಂದನ್ನೇ. ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಹುಡುಗಿ ಮೆಲ್ಲಗೆ ನನ್ನ ಕಿವಿಯಲ್ಲಿ, ಇವತ್ತೇನು ಹಬ್ಬವೇ ಎಂದು ಕೇಳಿದಳು. ಹೌದು ಎಂದೆ.

ಮುಂದಿನ ವಾರ ಹುಡುಗಿ ಎಲ್ಲರನ್ನೂ ತಬ್ಬಿಕೊಂಡು ಹೊರಟುಹೋದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ತಿನ್ನಬೇಕಾದಾಗ ತಿಂದವಳು ಅವಳೊಬ್ಬಳೇ.

ಅವಳು ಹೋದ ಮೇಲಿನ ಮಂಗಳವಾರ ನಾನೊಬ್ಬಳೇ ಹೋದೆ. ಆ ಹೆಂಗಸು ಗಂಟು ಕಟ್ಟಿ ಇಟ್ಟಿದ್ದಳು, ಮರುದಿನ ಬೆಳಗಿನ ಬಸ್ಸಿಗೆ ಊರಿಗೆ. ಗುಳಿಗೆ ಶುರು ಮಾಡಿ ಮೂರು ತಿಂಗಳಷ್ಟೇ ಆಗಿತ್ತು. ನೇರವಾಗಿ ದೊಡ್ಡ ಒಲೆಯ ಹತ್ತಿರ ಹೋಗಿ, ಹೆಂಗಸರೆಲ್ಲ ಕೇಳುವ ಹಾಗೆ ಹೇಳಿದೆ:

“ಅವತ್ತ ನಂದು ಒಪ್ಪತ್ತ ಇರಲಿಲ್ಲ. ನಾ ಸುಳ್ಳ ಹೇಳಿದೆ. ನನಗ ಅಂಜಿಕಿ ಬಂತು.”

ಮುದುಕಿ ಬಾಯೊಳಗಿನ ಕಡ್ಡಿಪುಡಿ ಉಗುಳಿ ಬಂದಳು.

“ಅದು ನಮಗ ಅವತ್ತ ಗೊತ್ತಾತ್ರಿ. ಎಲ್ಲಾ ಓದಿದಾಕಿ ನಿಮಗ ಅಂಜಿಕಿ ಬಂದ್ರ, ನಮಗ ಬರಬಾರ್ದನ್ರಿ?”

“ಬರಬಹುದು. ಆದ್ರ ಅಕಿ ಊರಿಗೆ ಹೋದ್ರ ಗುಳಿಗಿ ಬಿಡ್ತಾಳ. ಬಿಟ್ರ ಉಳಿಯೂದಿಲ್ಲ. ನಾ ಇವತ್ತ ಅಕಿ ರೊಟ್ಟಿ ತಿಂತೀನಿ, ನೀವ ನೋಡ್ರಿ.”

“ಒಂದ ದಿನ ಯಾರರೆ ತಿಂತಾರ್ರಿ. ಬಿಳಿ ಅಕ್ಕಾರೂ ತಿಂದ್ರು, ಹೋದ್ರು. ನಾವು ಇಲ್ಲೆ ದಿನಾ ಉಣ್ಣಾವ್ರು. ನಮ್ಮ ಹುಡುಗರು ಉಣ್ಣಾವ್ರು.”

“ನಾ ವಾರ ವಾರ ಬರ್ತೀನಿ.”

“ಎಲ್ಲೀ ತನಕ?”

“ಅಕಿ ಗುಳಿಗಿ ಮುಗಿಯೂ ತನಕ.”

ಮುದುಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದಳು. “ಬರ್ರಿ, ನೋಡೂಣು,” ಅಂದಳು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ನಮ್ಮವಳು ಎಲ್ಲ ಕೇಳಿಸಿಕೊಂಡು ಒಳಗೆ ಹೋದಳು. ಮರುದಿನ ಅವಳು ಬಸ್ಸು ಹತ್ತಲಿಲ್ಲ ಎಂದು ಅವಳ ಗಂಡ ಫೋನು ಮಾಡಿ ತಿಳಿಸಿದ.

ಹೀಗೆ ಬೇಸಿಗೆ ಶುರುವಾಯಿತು. ಸಂಸ್ಥೆಯವರಿಗೆ ಕಾಲುನೋವು ಎಂದು ಹೇಳಿ ಉಳಿದ ಕೆಲಸವನ್ನೆಲ್ಲ ಬಿಟ್ಟೆ. ಮಂಗಳವಾರ ಹನ್ನೊಂದಕ್ಕೆ ಮನೆ ಬಿಡುತ್ತಿದ್ದೆ, ಮೆಟ್ರೋ, ಆಟೋ, ಆಮೇಲೆ ಜಲ್ಲಿ ರಾಶಿಗಳ ನಡುವೆ ನಡಿಗೆ. ತಗಡಿನ ಕೆಳಗೆ ಕೂತರೆ ನೆತ್ತಿ ಬೇಯುತ್ತಿತ್ತು. ಅವಳು ರೊಟ್ಟಿ ಕೊಡುತ್ತಿದ್ದಳು, ನಾನು ತಿನ್ನುತ್ತಿದ್ದೆ, ಹೆಂಗಸರು ದೂರದಿಂದ ನೋಡುತ್ತಿದ್ದರು. ಮೊದಲ ದಿನ ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ಮನೆಗೆ ಬಂದು ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದೆ. ಅದು ಶುದ್ಧ ಮೂರ್ಖತನವೆಂದು ಗೊತ್ತಿತ್ತು, ಕಲಿಸುವವಳೇ ನಾನಲ್ಲವೇ. ಗೊತ್ತಿದ್ದೂ ಮುಂದಿನ ವಾರವೂ ಮುಕ್ಕಳಿಸಿದೆ. ಐದನೆಯ ವಾರ ನನಗೆ ಕೆಮ್ಮು ಬಂತು. ಎರಡೇ ದಿನಕ್ಕೆ ಗಾಬರಿಬಿದ್ದು ಎದೆಯ ಫೋಟೋ ತೆಗೆಸಿದೆ. ಧೂಳಿನ ಕೆಮ್ಮು, ಏನಿಲ್ಲ ಅಂದರು. ಆ ಫೋಟೋ ಹಿಡಿದುಕೊಂಡು ರಿಕ್ಷಾಕ್ಕೆ ಕಾಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಕೆಮ್ಮು ಹೋಗುವ ಮುಂಚೆಯೇ ಮಂಗಳವಾರ ಬಂತು, ಹೋದೆ.

ದಣಿವು ಎಂಥದ್ದು ಎಂದು ಹೇಳಲು ಬರುವುದಿಲ್ಲ. ಬಿಸಿಲಿನದಷ್ಟೇ ಆಗಿದ್ದರೆ ನಿದ್ದೆ ಮಾಡಿದರೆ ಹೋಗುತ್ತಿತ್ತು. ಭಯವಿಲ್ಲದವಳ ಹಾಗೆ ಕೂತು ತಿನ್ನುವುದೇ ಒಂದು ಕೂಲಿ ಕೆಲಸವಾಗಿತ್ತು. ಆದರೆ ಒಂದು ವಾರವೂ ತಪ್ಪಿಸಲಿಲ್ಲ. ತಪ್ಪಿಸಿದರೆ ಅವಳು ಹೊರಟುಹೋಗುತ್ತಾಳೆ ಎಂಬುದೊಂದೇ ಕಾರಣ.

ಏಳನೆಯ ವಾರ ಮುದುಕಿ ಒಂದು ಸವಟು ಬೇಳೆ ತಂದು ಅವಳ ತಾಟಿಗೆ ಹಾಕಿ ಹೋದಳು. ಕೊಟ್ಟದ್ದಷ್ಟೇ, ತಗೊಂಡಿರಲಿಲ್ಲ. ಇನ್ನೆರಡು ವಾರ ಬಿಟ್ಟು ನಾನು ಹೋದಾಗ ಮುದುಕಿ ಅವಳ ಬುಟ್ಟಿಯಿಂದ ಒಂದು ರೊಟ್ಟಿ ಮುರಿದು, ಚೂರು ಬಾಯಿಗೆ ಹಾಕಿಕೊಂಡು, “ಉಪ್ಪ ಕಮ್ಮಿ ಆಗೈತಿ,” ಅಂದಳು. ಜೋಳದ ರೊಟ್ಟಿಗೆ ಎಲ್ಲಿಯ ಉಪ್ಪು! ಆದರೂ ನಮ್ಮವಳು ಆ ದಿನವೆಲ್ಲ ನಗುತ್ತಿದ್ದಳು. ಮರುದಿನದಿಂದ ಅವಳ ಕೊಡಕ್ಕೂ ನೀರು ಬರತೊಡಗಿತು. ಮಳೆ ಹಿಡಿಯುವ ಹೊತ್ತಿಗೆ ಅವಳ ಮನೆ ಬಿಟ್ಟು ಐದು ಮನೆಗಳಲ್ಲಿ ಮೂರು ಅವಳ ಕೈ ರೊಟ್ಟಿಗೆ ಮರಳಿದವು. ಉಳಿದೆರಡು ಮನೆಯವರು ಕೊನೆಯವರೆಗೂ ಬರಲಿಲ್ಲ. ಅವರನ್ನು ದೂರಲು ನನಗೆ ಬಾಯಿರಲಿಲ್ಲ.

ಜುಲೈಯಲ್ಲಿ ಗುಳಿಗೆ ಮುಗಿದವು. ದವಾಖಾನೆಯಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿ, ವಾಸಿಯಾಗಿದೆ ಎಂದು ಚೀಟಿ ಬರೆದುಕೊಟ್ಟರು. ಆ ಮಂಗಳವಾರ ಹೋದಾಗ ಸಣ್ಣಗೆ ಮಳೆ. ಅವಳ ಕೆನ್ನೆ ತುಂಬಿತ್ತು, ಕುಬಸ ಬಿಗಿಯಾಗಿತ್ತು. ಗೂಡಿನಲ್ಲಿ ಇಟ್ಟಿದ್ದ ಚೀಟಿಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ತೋರಿಸಿದಳು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಕಟ್ಟಿಕೊಂಡ ಭಾರವೊಂದನ್ನು ಕೆಳಗಿಟ್ಟ ಹಾಗಾಗಿ, ಮೈಯೆಲ್ಲ ಒಮ್ಮೆಲೇ ಸಡಿಲಾಯಿತು. ಅವಳು ತಾಟು ಇಟ್ಟಳು. ಬಿಸಿ ರೊಟ್ಟಿ, ಬೆಣ್ಣೆ, ಪುಂಡಿಪಲ್ಯ. ಮಗಳು ಅವಳ ಬೆನ್ನಿಗೆ ಆತುಕೊಂಡು ನನ್ನನ್ನೇ ನೋಡುತ್ತಿತ್ತು. ಅರ್ಧ ರೊಟ್ಟಿ ಮುಗಿಸಿದ್ದೆ.

“ಅಕ್ಕಾರ, ಇನ್ನ ಸಾಕ್ರಿ. ಬಿಡ್ರಿ,” ಅಂದಳು.

“ಯಾಕ? ಭಾಳ ರುಚಿ ಆಗೈತಿ.”

“ನಂದು ಆರ ತಿಂಗಳ ಮುಗೀತ್ರಿ. ನಿಮದೂ ಮೂರ ತಿಂಗಳ ಮುಗೀತು. ತುತ್ತಿಗೊಮ್ಮೆ ನೀರ ಕುಡದ ನುಂಗತಿದ್ರಿ, ನಾ ಗುಳಿಗಿ ನುಂಗಿದಂಗ. ವಾರಾ ವಾರಾ ನೋಡೀನ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳಿಗೆ ಊಟ ಮಾಡಿಸುವಾಗ ಆಡುವ ದನಿ ಅದು.

“ನಿಮ್ಮಿಂದ ಉಳದೀನಿ. ನೀವ ಬರತಿದ್ರಿ ಅಂತನ ಇದ್ನಿ. ಇನ್ನ ಅಂಜಕೋತ ತಿನ್ನಬ್ಯಾಡ್ರಿ.”

ನನಗೆ ಇಲ್ಲ ಎನ್ನಬೇಕೆನಿಸಿತು. ಇಲ್ಲ ಎಂದರೆ ಅದು ಅವಳಿಗೆ ಹೇಳಿದ ಎರಡನೆಯ ಸುಳ್ಳಾಗುತ್ತಿತ್ತು. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದೆ. ಅವಳು ನನ್ನ ತಾಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು, ಅದರಲ್ಲಿ ಉಳಿದಿದ್ದ ನನ್ನ ಎಂಜಲು ರೊಟ್ಟಿಯನ್ನು ಪಲ್ಯಕ್ಕೆ ಒತ್ತಿದಳು, ತಾನು ಒಂದು ತುತ್ತು ತಿಂದು ಮಗಳ ಬಾಯಿಗೊಂದು ತುತ್ತು ಇಟ್ಟಳು.